ಆತಕೂರಿನ ಶಾಸನದಲ್ಲಿ ವೀರರಸ

ವೀರರಸಕ್ಕೆ ಉದಾಹರಣೆಯನ್ನು ಕೇಳಿದರೆ ನಮ್ಮವರು ಕೂಡಲೇ ಪಂಪರನ್ನರ ಕಡೆಗೆ ಕೈದೋರುವರು. ಅದು ಯುಕ್ತವೇ ಸರಿ. ಆದರೆ ಪಂಪನ ಕಾಲದಲ್ಲಿಯೇ ನಮ್ಮ ಮದ್ದೂರು ಸೀಮೆಯ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಿದ ಕಲ್ಲೊಂದನ್ನು ಕಾವ್ಯದೃಷ್ಟಿಯಿಂದ ಓದಿದವರು ವಿರಳರು. ಚರಿತ್ರಕಾರರು ಅದನ್ನು ತಕ್ಕೋಲದ ಯುದ್ಧಕ್ಕೆ ಸಾಕ್ಷಿಯೆಂದು ಎಣಿಸಿ ಅಷ್ಟಕ್ಕೇ ಬಿಟ್ಟಿರುವರು. ಶಕವರ್ಷ 872ರ (ಕ್ರಿ. ಶ. 949-50) ಆ ಶಿಲೆಯು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವುದು.

ವಿಷಯವಿಷ್ಟು: ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳನ ಮೇಲೆ ದಂಡೆತ್ತಿದಾಗ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾದ ಮಣಲೇರನು ಆ ಕಾಳಗದಲ್ಲಿ ಪರಾಕ್ರಮದಿಂದ ಕಾದಿದನು. ಒಡೆಯನು ಮೆಚ್ಚಿ ಬೇಡಿಕೊಳ್ಳೆನ್ನಲು ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿಯು ಬೆಳತೂರಿನ ಪಡುವಣ ಗುಡ್ಡದಲ್ಲಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಕಲ್ಲನ್ನು ನಿಲ್ಲಿಸಿದುದು ನಾಯಿಗೆ.

ಬೂತುಗನು ರಾಜಾದಿತ್ಯನನ್ನು ಅಪ್ಪಿಕೊಂಡು ವಂಚನೆಯಿಂದ ಇರಿದನೆಂದು ಮೊದಲು ಅರ್ಥಮಾಡಿದವರುಂಟು. ಆನೆಯ ಮೇಲಣ ಬಿಸುಗೆಯೇ ಕಳವಾಯಿತೆಂಬ ಅನಂತರದ ಅರ್ಥವೇ ಗ್ರಾಹ್ಯವು; ಅರಸನು ಆನೆಯ ಬೆನ್ನಮೇಲೆಯೇ ಮಡಿದನೆಂದು ಚೋಳರ ತಾಮ್ರಪಟವೂ ಹೇಳುವುದು. ಒಂದು ಪದದ ಅನ್ವಯದಿಂದ ಒಬ್ಬ ಯೋಧನ ಮಾನವು ಉಳಿದೀತು, ಇಲ್ಲವೇ ಹೋದೀತು.

ಬಿರುದಾವಳಿಯ ಭಾಗವು ನೀರಸವೆಂಬುದನ್ನು ಒಪ್ಪಬೇಕು. ಮಣಲೇರನನ್ನು ಹೊಗಳುವ ಪದ್ಯಗಳೂ ಕವಿಸಮಯವನ್ನು ಹೆಚ್ಚಾಗಿ ಮೀರಿಲ್ಲ. ರಸವಿರುವುದು ಗದ್ಯದಲ್ಲಿ. ಗುಡ್ಡ ಯಾವುದು, ಊರು ಯಾವುದು, ಸತ್ತುದು ಹೇಗೆ, ಬಿಟ್ಟ ಭೂಮಿ ಯಾವುದು, ಇಷ್ಟೇ ಮಾತು. ನಾಯಿಯು ಸ್ವರ್ಗಕ್ಕೆ ಏರಿತೆಂದಿಲ್ಲ. ಮೇಲೆ ಕೆತ್ತಿದ ಚಿತ್ರದಲ್ಲಿಯೂ ಅಪ್ಸರೆಯರಿಲ್ಲ, ನಾಯಿಯೂ ಹಂದಿಯೂ ಮಾತ್ರ. ಸ್ಥಾನದ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಲಾಗದೆಂಬ ಕಟ್ಟಳೆಯೊಂದರಲ್ಲಿ ಒಡೆಯನ ದುಃಖವೆಲ್ಲ ಅಡಗಿರುವುದು. ಭರತನ ಮತದಂತೆ ವೀರಕ್ಕೆ ಸ್ಥಾಯಿಯು ಉತ್ಸಾಹವು. ಇಲ್ಲಿ ಆ ಉತ್ಸಾಹವು ಸದ್ದಿಲ್ಲದೆ ಶೋಕವಾಗಿ ಪರಿಣಮಿಸುವುದು. ಇದನ್ನು ಬರೆದವನಿಗೆ ಲಕ್ಷಣಗ್ರಂಥವು ತಿಳಿದಿತ್ತೋ ಇಲ್ಲವೋ, ಔಚಿತ್ಯವು ತಿಳಿದಿತ್ತು.

ಇದನ್ನು ಈಗ ಎತ್ತಲು ಕಾರಣವುಂಟು. ಇದೇ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹೆಚ್. ಗುರು ಅವರು ಕೇಂದ್ರ ಮೀಸಲು ಪೊಲೀಸ್ ಪಡೆಯ ಯೋಧರಾಗಿ 2019ನೆಯ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಪ್ರಾಣವನ್ನೊಪ್ಪಿಸಿದರು. ಅಂದು ಮಡಿದವರು 40 ಮಂದಿ. ಅವರನ್ನು ಕುರಿತು ನಾನು ಓದಿದ ಪದ್ಯಗಳಲ್ಲಿ ಖಡ್ಗವುಂಟು, ಸಿಂಹನಾದವುಂಟು, ಶತ್ರುಗಳ ರುಂಡಮಾಲೆಯುಂಟು. ನಿಜವಾಗಿ ಜಮ್ಮುವಿನಿಂದ ಶ್ರೀನಗರಕ್ಕೆ ವಾಹನಗಳ ಸಾಲಿನಲ್ಲಿ ಸಾಗುತ್ತಿದ್ದವರ ಮೇಲೆ ಸಿಡಿಮದ್ದು ಬಿದ್ದಿತು. ಕೈಯೆತ್ತಲು ಅವಕಾಶವೇ ಇರಲಿಲ್ಲ. ಅಪಾಯವುಂಟೆಂದು ಬಲ್ಲ ದಾರಿಯಲ್ಲಿ ಕರ್ತವ್ಯಕ್ಕೆ ಹೊರಟುದೇ ಅವರ ಶೌರ್ಯವು. ಅದನ್ನು ಬಿಟ್ಟು ಇಲ್ಲದ ಖಡ್ಗವನ್ನು ಅವರ ಕೈಗಿಡುವ ಕವಿಗೆ, ಇದ್ದ ಶೌರ್ಯವು ಸಾಲದೆಂದು ತೋರಿರಬೇಕು. ಆ ಪದ್ಯಗಳಲ್ಲಿ ಕೆಲವದರಲ್ಲಿ ಗುಡಿಗೆರೆಯ ಹೆಸರೂ ಇಲ್ಲ.