ಕಳೆ ಗಿಡದ ಆನೆ

2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಲಂಟಾನ ಕಡ್ಡಿಯ ಆನೆಗಳನ್ನು ನಿಲ್ಲಿಸಿದ್ದರು. ಒಂದೆರಡಲ್ಲ, ಹಿಂಡುಗಟ್ಟಲೆ, ಎಲ್ಲವೂ ನಿಜವಾದ ಅಳತೆಯವು. ಕಾಡುಪ್ರಾಣಿ ಉಳಿಸಿರೆಂದು ಸಾರುವ ಕಲೆಯ ಬಗ್ಗೆ ನನಗೆ ಮೊದಲಿನಿಂದಲೂ ತುಸು ಅನುಮಾನ. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹ ಬಂತೆಂದರೆ ಶಾಲೆಗಳಲ್ಲಿ ಚಿತ್ರಸ್ಪರ್ಧೆ. ಹಾಳೆ ಹಾಳೆಗೂ ಹುಲಿ, ಕೆಳಗೊಂದು ಘೋಷಣೆ. ಆ ಹುಲಿಗೂ ಬರೆದ ಹುಡುಗನಿಗೂ ಏನು ನಂಟು ಎಂಬುದು ಮಾತ್ರ ಎಲ್ಲೂ ಕಾಣದು.

ಈ ಆನೆಗಳು ಹಾಗಲ್ಲ. ಲಂಟಾನ ನಮ್ಮ ನೆಲದ ಗಿಡವಲ್ಲ, ಅಮೆರಿಕ ಖಂಡದ್ದು. ಹೂವಿನ ಚಂದಕ್ಕೆಂದು ಬ್ರಿಟಿಷರು ತೋಟಕ್ಕೆ ತಂದದ್ದು ಬೇಲಿ ಹಾರಿ ಕಾಡು ಹೊಕ್ಕಿತು. ಅದು ಹಬ್ಬಿದ ಕಡೆ ಹುಲ್ಲು ಏಳುವುದಿಲ್ಲ, ಆನೆಗೆ ಮೇವಿಲ್ಲ. ಆ ಕಳೆಯನ್ನೇ ಕಡಿದು, ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಕಬ್ಬಿಣದ ಸರಳುಗಳ ಮೇಲೆ ಬಾಗಿಸಿ ಕಟ್ಟುತ್ತಾರೆ. ಕಟ್ಟುವವರು ನೀಲಗಿರಿಯ ಗೂಡಲೂರು ಕಡೆಯ ಬೆಟ್ಟಕುರುಂಬರು, ಪಣಿಯರು, ನಮ್ಮ ಮಲೆಮಹದೇಶ್ವರ ಬೆಟ್ಟದ ಸೋಲಿಗರು, ಆನೆಯ ನೆರೆಯವರು. ಅದಕ್ಕೇ ಇರಬೇಕು, ಮರಿ ತಾಯಿಗೆ ಒತ್ತಿ ನಿಂತ ರೀತಿ ಎಲ್ಲೂ ಸುಳ್ಳೆನಿಸುವುದಿಲ್ಲ. ಆನೆಯ ಹೊಟ್ಟೆಯ ಮೇಲೆ ಹೊಡೆದ ಗಿಡವೇ ಆನೆಯ ಮೈಯಾಗಿದೆ. ಇದನ್ನು ಹತ್ತು ಭಾಷಣ ಹೇಳಲಾರವು. ಇಂಥ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳನ್ನೂ 2024ರಲ್ಲಿ ನ್ಯೂಯಾರ್ಕನ್ನೂ ಕಂಡವಂತೆ. ಕಾಣಲಿ.

ಆದರೆ ನನ್ನದೊಂದು ತಕರಾರಿದೆ. ನಾನು ನೋಡಿದವೆಲ್ಲ ಸಾಧು ಆನೆಗಳು. ಮಗ್ಗುಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಅನುಕೂಲವಾದವು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395, ದೇಶದಲ್ಲೇ ಹೆಚ್ಚು ಎಂದು ಹಿಗ್ಗಿದೆವು. ಆ ಲೆಕ್ಕದೊಳಗೆ ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ತಿರುಗುವ ಆನೆಗಳೂ ಇವೆ. ಗದ್ದೆಗಿಳಿದ ಆನೆಯೊಂದು ಲಾಲ್‌ಬಾಗಿನ ಹಿಂಡಿನಲ್ಲಿ ಇರಬೇಕಿತ್ತು.

ಹಾಗನ್ನಿಸಲು ಕಾರಣ, ಆ ಸೀಮೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ಸಪ್ತಾಹದಲ್ಲಿ ಬರೆದ ಚಿತ್ರ. ರಾತ್ರಿಯ ಗದ್ದೆ, ಬದುವಿನ ಮೇಲೆ ಡಬ್ಬ ಬಡಿಯುವ ಅಪ್ಪ, ಬಾಗಿಲ ಸಂದಿಯಲ್ಲಿ ಒಂದು ಕಣ್ಣು. ಆನೆಯೋ ಇವರ ಗೊಡವೆಯೇ ಇಲ್ಲದೆ, ಕಿತ್ತ ಭತ್ತದ ಬುಡವನ್ನು ಮುಂಗಾಲಿಗೆ ಬಡಿದು ಮಣ್ಣು ಕೊಡವುತ್ತಿತ್ತು. ಕಣ್ಣಾರೆ ಕಾಣದವರು ಅದನ್ನು ಬರೆಯಲಾರರು. ಪ್ರಾಣಿಗಳ ಮೇಲೆ ಪ್ರೀತಿ ಹುಟ್ಟಿಸುವಂತಿಲ್ಲ ಎಂದು ತೀರ್ಪುಗಾರರು ಅದನ್ನು ಬದಿಗಿಟ್ಟರು. ಬಹುಮಾನ ಒಂದು ಹುಲಿಗೆ ಹೋಯಿತು.