ಬ್ಯಾಡಗಿಯ ಬಣ್ಣ, ಬಳಪದ ಕಲ್ಲಿನ ಬಿಸಿ

ಒಣಮೆಣಸಿನ ಗೋಣಿಯ ಮೇಲಿನ ಪದರ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ಅಂಗಡಿಯವರು ಅದನ್ನು ಹಾಗೆ ಜೋಡಿಸಿಟ್ಟಿರುತ್ತಾರೆ. ಮೆಣಸಿನ ನಿಜವಾದ ಗುಣ ತಿಳಿಯಬೇಕಾದರೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯಬೇಕು. ತೀರಾ ಹಳೆಯದಾದರೆ ಹಿಡಿಯುತ್ತಲೇ ಪುಡಿಯಾಗುತ್ತದೆ. ತೂಕಕ್ಕೆಂದು ನೀರು ಚಿಮುಕಿಸಿದ್ದಾದರೆ ತಣ್ಣಗೆ, ಮೆತ್ತಗೆ ಕೈಗೆ ಅಂಟುತ್ತದೆ. ಸರಿಯಾಗಿ ಒಣಗಿದ ಬ್ಯಾಡಗಿ ಮಾತ್ರ ಸ್ವಲ್ಪ ಬಾಗಿ, ಆಮೇಲೆ ಮುರಿಯುತ್ತದೆ. ಮುರಿದ ಜಾಗವನ್ನು ಮೂಗಿನ ಹತ್ತಿರ ಹಿಡಿದರೆ ಸೀನು ಬರುವುದಿಲ್ಲ, ಒಣದ್ರಾಕ್ಷಿಯನ್ನು ನೆನಪಿಸುವ ಸಿಹಿವಾಸನೆ ಬರುತ್ತದೆ. ಆ ವಾಸನೆ ಬಂದರೆ ಸಾಕು, ನಾನು ಚೀಲ ಬಿಚ್ಚುತ್ತೇನೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಹೆಸರು ಹೊತ್ತ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಎರಡು ಬಗೆ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆ, ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಎನ್ನುತ್ತದೆ. ಸುಕ್ಕುಗಟ್ಟಿದ ಮೈ ನೋಡಿ ಗೊತ್ತಿಲ್ಲದವರು ಮೂಗು ಮುರಿಯುತ್ತಾರೆ, ಗೊತ್ತಿರುವವರು ಅದನ್ನೇ ಹುಡುಕುತ್ತಾರೆ. ಈ ಮೆಣಸಿನ ಬಣ್ಣವನ್ನು ಕಾರ್ಖಾನೆಗಳಲ್ಲಿ ಹಿಂಡಿ ತೆಗೆದು ತಿಂಡಿಗಳಿಗೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ತುಟಿಯ ಬಣ್ಣಕ್ಕೂ ಸಾರಿನ ಬಣ್ಣಕ್ಕೂ ಒಂದೇ ತವರು ಎನ್ನುವುದು ನನಗೆ ಯಾವಾಗಲೂ ಮಜಾ ಅನಿಸುತ್ತದೆ.

ಆದರೆ ಬ್ಯಾಡಗಿಯ ದೊಡ್ಡಗುಣ ಬಣ್ಣವಲ್ಲ, ಅದರ ಸೌಮ್ಯತೆ. ಖಾರದ ಮೆಣಸನ್ನು ನಾಲ್ಕಕ್ಕಿಂತ ಹೆಚ್ಚು ಹಾಕಲು ಕೈ ನಡುಗುತ್ತದೆ, ಬ್ಯಾಡಗಿಯನ್ನು ಹಿಡಿಗಟ್ಟಲೆ ಹಾಕಬಹುದು. ಹಾಗೆ ಹಾಕಿದಾಗಲೇ ಮೆಣಸಿಗೂ ತನ್ನದೇ ಒಂದು ರುಚಿಯಿದೆ, ಅದು ಬರೀ ಉರಿಯಲ್ಲ ಎಂದು ನಾಲಿಗೆಗೆ ತಿಳಿಯುವುದು. ಉಡುಪಿ ಕಡೆಯ ಸಾರಿನ ಹುಡಿ ನಿಂತಿರುವುದೇ ಈ ಧಾರಾಳದ ಮೇಲೆ. ಖಾರ ಬೇಕೆನ್ನುವವರು ಗುಂಟೂರಿನ ಎರಡು ಕಾಯಿ ಸೇರಿಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ.

ಇಂಥ ಮೆಣಸನ್ನು ತಂದು ತೆಳು ಸ್ಟೀಲಿನ ಬಾಣಲೆಯಲ್ಲಿ ಹುರಿಯುವುದು ಮಾತ್ರ ನನ್ನಿಂದ ನೋಡಲಾಗದು. ತೆಳು ಪಾತ್ರೆಯಲ್ಲಿ ಬೆಂಕಿ ತಾಗಿದಲ್ಲಿ ಕರಕಲು, ತಾಗದಲ್ಲಿ ಹಸಿ. ದಪ್ಪ ಕಬ್ಬಿಣದ ಬಾಣಲೆ ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಸಿಯನ್ನು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ತಳಕ್ಕೆ ಒಂದು ಚಮಚ ತೆಂಗಿನೆಣ್ಣೆ, ಸಣ್ಣ ಉರಿ. ಮೊದಲು ಕಾಯಿಗಳು ಹೊಳೆಯುತ್ತವೆ, ಆಮೇಲೆ ಒಳಗಿನ ಗಾಳಿ ಬಿಸಿಯಾಗಿ ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ, ಸುಕ್ಕುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಮೆಣಸಿನ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುವಂಥದ್ದು, ಹಾಗಾಗಿ ಬಾಣಲೆಯ ತಳದ ಎಣ್ಣೆಗೆ ಆಗಲೇ ರಂಗು ಏರಿರುತ್ತದೆ. ಪಕ್ಕದ ಕೋಣೆಯಲ್ಲಿದ್ದವರು ಕೆಮ್ಮುವ ಮುಂಚೆ ಇಳಿಸಬೇಕು. ಕೆಮ್ಮಿದರೆ ಹೊತ್ತು ಮೀರಿತು ಎಂದೇ ಲೆಕ್ಕ.

ರುಬ್ಬುವ ವಿಷಯಕ್ಕೆ ಬಂದರೆ, ಕಲ್ಲಿನ ಗುಣಗಾನ ಮಾಡುವ ಗಂಡಸರಲ್ಲಿ ಹೆಚ್ಚಿನವರು ಒಂದು ದಿನವೂ ಕಲ್ಲಿನ ಮುಂದೆ ಕೂತವರಲ್ಲ. ನಮ್ಮ ಹೆಂಗಸರ ಭುಜಕ್ಕೆ ಬಿಡುವು ಸಿಕ್ಕಿದ್ದು ಮಿಕ್ಸಿ ಬಂದ ಮೇಲೆ. ನಾನು ಒಮ್ಮೆ ಕಲ್ಲಿನ ಮಸಾಲೆಯ ರುಚಿಯನ್ನು ಹೊಗಳುತ್ತಿದ್ದಾಗ ನಮ್ಮತ್ತೆ, "ಕಲ್ಲೇ ಬೇಕಾದ್ರೆ ನೀನೇ ಕಡ್ಕೋ ಮಾರಾಯ್ತಿ, ನಂಗೆ ಮಿಕ್ಸಿ ಸಾಕು" ಎಂದು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ್ದರು. ಅವರ ಮಾತು ನ್ಯಾಯವಾದದ್ದೇ. ಒಣ ಹುಡಿಗೆ ಮಿಕ್ಸಿಯೇ ಸಾಕು. ತೆಂಗಿನಕಾಯಿ ಹಾಕಿದ ಮಸಾಲೆಗೆ ಮಾತ್ರ ನಾನು ಕಲ್ಲನ್ನು ಬಿಡೆ. ಬ್ಲೇಡು ಕತ್ತರಿಸುತ್ತದೆ, ಕಲ್ಲು ಜಜ್ಜಿ ಅರೆಯುತ್ತದೆ. ಕಾಯಿಯ ಹಾಲು ಮಸಾಲೆಯಲ್ಲೇ ಉಳಿದು ಅದು ಬೆಣ್ಣೆಯ ಹದಕ್ಕೆ ಬರುವುದು ಎರಡನೆಯದರಲ್ಲಿ. ಮೇಜಿನ ಮೇಲಿಡುವ ಗ್ರೈಂಡರಿನಲ್ಲೂ ಕಲ್ಲೇ ಇರುವುದರಿಂದ ಭುಜಕ್ಕೂ ನಾಲಿಗೆಗೂ ರಾಜಿಯಾಗಿದೆ.

ಆ ಮಸಾಲೆ ಮಟ್ಟು ಗುಳ್ಳದ ಹುಳಿಗೆ ಹೋಗುವುದಾದರೆ ನನಗೆ ಬಳಪದ ಕಲ್ಲಿನ ಪಾತ್ರೆಯೇ ಬೇಕು. ಉಡುಪಿಯಲ್ಲಿ ಕಟಪಾಡಿಯ ಹತ್ತಿರದ ಮಟ್ಟುವಿನ ಈ ಹಸಿರು ಗುಂಡು ಬದನೆಗೂ 2011ರಲ್ಲೇ ಸೂಚಿಕೆ ಸಿಕ್ಕಿದೆ. ತೆಳು ಸಿಪ್ಪೆ, ಬೇಗ ಬೇಯುವ ತಿರುಳು. ಸ್ಟೀಲಿನಲ್ಲಿ ಕೊತಕೊತ ಕುದಿಸಿದರೆ ಹೋಳು ಕದಡಿ ಗೊಜ್ಜಾಗುತ್ತದೆ. ಕಲ್ಲಿನ ಪಾತ್ರೆಯಲ್ಲಿ ಹೋಳು ಮುಕ್ಕಾಲು ಬೆಂದಾಗಲೇ ಒಲೆ ಆರಿಸಿಬಿಡಬಹುದು. ಉರಿ ನಿಂತ ಮೇಲೂ ಒಂದಷ್ಟು ಹೊತ್ತು ಅಂಚಿನಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ, ಉಳಿದ ಕಾಲು ಭಾಗವನ್ನು ಕಲ್ಲೇ ಬೇಯಿಸುತ್ತದೆ. ಚಮಚ ತಾಗಿಸಿದರೆ ಕತ್ತರಿಸುವಷ್ಟು ಮೆತ್ತಗೆ, ಆದರೆ ಹೋಳು ಹೋಳಾಗಿಯೇ ಉಳಿದಿರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದೂ ಉಳಿಗೆ ಸುಲಭವಾಗಿ ಒಗ್ಗುವ ಬಳಪದ ಕಲ್ಲನ್ನೇ. ಮದನಿಕೆಯರ ಬಂಧುವಿನಲ್ಲಿ ಹುಳಿ ಕುದಿಸುತ್ತಿದ್ದೇನೆ ಎಂಬ ಜಂಬ ಒಮ್ಮೊಮ್ಮೆ ಬರುವುದುಂಟು.

ಈ ಪಾತ್ರೆಯನ್ನು ತಂದ ದಿನವೇ ಒಲೆಗೇರಿಸುವ ಹಾಗಿಲ್ಲ. ಹರಳೆಣ್ಣೆ, ಅರಸಿನ ಸವರಿ ಇಡಬೇಕು, ತೊಳೆಯಬೇಕು, ದಿನಗಟ್ಟಲೆ ಅಕ್ಕಿ ತೊಳೆದ ನೀರನ್ನೋ ಬಿಸಿ ಗಂಜಿಯನ್ನೋ ತುಂಬಿ ಬದಲಿಸುತ್ತಿರಬೇಕು. ಆಮೇಲೆ ಸಣ್ಣ ಉರಿಯಲ್ಲಿ ಬರೀ ನೀರು. ಹೀಗೆ ಪಳಗುತ್ತ ಬೂದು ಬಣ್ಣದ ಕಲ್ಲು ಕಪ್ಪಾಗಿ, ಕೈಗೆ ನುಣುಪಾಗಿ ಬರುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದಿರೋ, ಬಿರುಕು ಖಂಡಿತ.

ಹಿತ್ತಾಳೆಯದು ಬೇರೆಯೇ ರಂಪ. ಉರುಳಿಗೆ ನೀರು ತುಂಬಿ ಹೂ ತೇಲಿಸಿ ಹಜಾರದಲ್ಲಿಡುವುದು ಈಗಿನ ಫ್ಯಾಷನ್. ನೋಡಲು ಚಂದವೇ, ಆದರೆ ಪಾಯಸ ಕಾಣದ ಉರುಳಿಯನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಹುಳಿ ಹಾಕಿದ ಅಡುಗೆಗಾದರೆ ಅದಕ್ಕೆ ಕಲಾಯಿ ಬೇಕೇ ಬೇಕು, ಇಲ್ಲವಾದರೆ ಕಿಲುಬು ಎದ್ದು ಬಾಯಿ ಕಹಿ. ಕಲಾಯಿ ಹಾಕುವುದನ್ನು ಮಾತ್ರ ನಿಂತು ನೋಡಬೇಕು. ತಿದಿ ಒತ್ತಿ ಕೆಂಡ ಎಬ್ಬಿಸಿ, ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾರೆ. ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ ಎದ್ದು ಗಂಟಲು ಹಿಡಿಯುತ್ತದೆ, ಪಾತ್ರೆಯ ಒಳಮೈಯ ಕೊಳೆ ಬಿಡುತ್ತದೆ. ತವರ ಕರಗಲು 232 ಡಿಗ್ರಿ ಸಾಕು, ಹಾಗಾಗಿ ಕಡ್ಡಿಯನ್ನು ಬಿಸಿ ತಳಕ್ಕೆ ಮುಟ್ಟಿಸುವುದೇ ತಡ, ಅದು ಹನಿಯಾಗಿ ಓಡಾಡುತ್ತದೆ. ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಹಳದಿಯೆಲ್ಲ ಮಾಯವಾಗಿ ಬೆಳ್ಳಿ ಹೊಳಪು ಹರಡುತ್ತದೆ. ಕೂಡಲೇ ನೀರಿಗೆ ಅದ್ದಿ, ಚುಂಯ್. ಈ ಕೆಲಸ ಬಲ್ಲವರು ಬೀದಿಗೆ ಬರುವುದು ಅಪರೂಪವಾಗಿದೆ. ಬಂದಾಗ ನಮ್ಮ ಮನೆಯ ಪಾತ್ರೆಗಳೆಲ್ಲ ಅಂಗಳಕ್ಕಿಳಿಯುತ್ತವೆ, ಅವತ್ತಿನ ಊಟಕ್ಕೆ ಹೋಟೆಲೇ ಗತಿ.

ಬೆಲ್ಲ, ಹುಣಸೆ, ಉಪ್ಪುಗಳ ಬಗ್ಗೆಯೂ ನನಗೆ ಹಟಗಳಿವೆ. ಬೆಲ್ಲ ಕಂದಾಗಿರಲಿ, ಹಳದಿ ಹೊಳಪಿನದು ಬೇಡ ಎನ್ನುವುದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಇಂಗು ಕಾಯುತ್ತಿದೆ. ನಮ್ಮ ಅಡುಗೆಮನೆಗಳಲ್ಲಿ ಇಷ್ಟೊಂದು ಹಳಬನಾದ ಇಂಗು ಬರುವುದು ಇರಾನ್, ಅಫ್ಘಾನಿಸ್ತಾನಗಳ ಗಿಡದ ಬೇರಿನ ಅಂಟಿನಿಂದ. ನಮ್ಮ ನೆಲದಲ್ಲಿ ಬೆಳೆಯುವ ಪ್ರಯತ್ನವಾಗಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ವಿಜ್ಞಾನಿಗಳು ಸಸಿ ನೆಡಿಸಿದ್ದು 2020ರಲ್ಲಿ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಪುಡಿಯಲ್ಲಿ ಹಿಟ್ಟಿನದೇ ದೊಡ್ಡ ಪಾಲು. ನಾನು ತರುವುದು ಗಟ್ಟಿ ಇಂಗು. ಉಗುರಿನಷ್ಟು ಚೂರನ್ನು ಬಿಸಿನೀರಲ್ಲಿ ನೆನೆಸಿದರೆ ಹಾಲಿನಂತೆ ಬಿಳುಪಾಗುತ್ತದೆ, ಅದನ್ನು ಇಳಿಸಿದ ಸಾರಿಗೆ ಸುರಿದು ಮುಚ್ಚಳ ಮುಚ್ಚಬೇಕು. ಅದರ ಬೆಲೆಯನ್ನು ಮಾತ್ರ ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೇಳಿದರೆ ಅತ್ತೆ ಪುಡಿ ಡಬ್ಬಿಯನ್ನೇ ತರಿಸುತ್ತಾರೆ.