ಬಣ್ಣದ ಸಿಗಡಿ, ಬೋರಿನ ನೀರು

ಕೆಂಪು ಸಿಗಡಿ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸಾಕುವವರು ನೋಡುವುದು ಒಂದನ್ನೇ: ಬಣ್ಣ ಎಷ್ಟು ಗಟ್ಟಿಯಾಗಿ ಕೂತಿದೆ? ಒಳಗಿನ ಕರುಳು ಕಾಣುವಷ್ಟು ತೆಳ್ಳಗಿದ್ದರೆ ಬರೀ ಚೆರ್ರಿ. ಸ್ವಲ್ಪ ತುಂಬಿಕೊಂಡರೆ ಸಕುರಾ, ಇನ್ನೂ ದಟ್ಟವಾದರೆ ಫೈರ್ ರೆಡ್. ಕಾಲಿಗೂ ಬಣ್ಣ ಇಳಿದು, ಮೈಮೇಲೆ ಎಲ್ಲೂ ಗಾಜಿನಂಥ ಸಂದು ಉಳಿಯದಿದ್ದರೆ ಪೇಂಟೆಡ್ ಫೈರ್ ರೆಡ್. ಮೂರು ಸೆಂಟಿಮೀಟರ್ ಮುಟ್ಟುವಷ್ಟರಲ್ಲಿ ಬೆಳವಣಿಗೆಯೇ ಮುಗಿಯುವ ಪ್ರಾಣಿಗೆ ಇಷ್ಟು ಮೆಟ್ಟಿಲು. ಕೆಂಪು-ಬಿಳಿ ಪಟ್ಟೆಯ ಕ್ರಿಸ್ಟಲ್ ರೆಡ್‌ನ ಏಣಿ ಇನ್ನೂ ಉದ್ದ. ಸಿ ದರ್ಜೆಯಿಂದ ಹೊರಟು ಬಿ, ಎ, ಎಸ್ ದಾಟಿ ಮೂರು ಎಸ್‌ವರೆಗೆ ಏರುತ್ತದೆ. ಬೆನ್ನಿನ ಬಿಳುಪಿನ ಮೇಲೆ ದುಂಡನೆಯ ಕೆಂಪು ಬೊಟ್ಟು ಮೂಡಿದರೆ ಜಪಾನಿನ ಬಾವುಟದ ಹೆಸರೇ ಅದಕ್ಕೆ: ಹಿನೊಮಾರು.

ಈ ಏಣಿ ಕಟ್ಟಿದವರ ತಾಳ್ಮೆಯನ್ನು ಹಗುರವಾಗಿ ಕಾಣುವಂತಿಲ್ಲ. ಚೆರ್ರಿ ಸಿಗಡಿ, ಅಂದರೆ ನಿಯೊಕ್ಯಾರಿಡಿನಾ ಡೇವಿಡಿ, ಚೀನಾ, ತೈವಾನ್, ಕೊರಿಯಾ ಕಡೆಯದು. ಅದರ ಕಾಡುಬಣ್ಣ ಕೊಳೆತ ಎಲೆಗಳ ನಡುವೆ ಕಣ್ಣಿಗೇ ಬೀಳದಂಥ ಕಂದು. ಆ ಕಂದಿನೊಳಗಿಂದ ಕೆಂಪು, ಹಳದಿ, ಕಿತ್ತಳೆ, ನೀಲಿಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಕ್ರಿಸ್ಟಲ್ ರೆಡ್‌ನ ಕಥೆಯೂ ಅಂಥದ್ದೇ. 1990ರ ದಶಕದಲ್ಲಿ ಜಪಾನಿನ ಹಿಸಯಾಸು ಸುಜುಕಿ ಎಂಬವರು ತಮ್ಮ ತೊಟ್ಟಿಯ ಕಪ್ಪು-ಬಿಳಿ ಬೀ ಸಿಗಡಿಗಳ ನಡುವೆ ಕೆಂಪಗೆ ಹುಟ್ಟಿದ್ದನ್ನು ಗುರುತಿಸಿ, ಅದನ್ನು ಬೇರೆ ಮಾಡಿ ತಳಿ ಎಬ್ಬಿಸಿದರು. ಆ ಕೆಂಪು ತಂದೆ-ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಮೇಲೆ ಕಾಣುವ ಗುಣ. ಹಾಗಾಗಿ ಒಡಹುಟ್ಟಿದವುಗಳ ನಡುವೆಯೇ ಕೂಡಿಸಿ ಕೂಡಿಸಿ ತಳಿ ನಿಲ್ಲಿಸಬೇಕಾಯಿತು. ಅದರ ನಾಜೂಕುತನಕ್ಕೆ ಇದೂ ಒಂದು ಕಾರಣ.

ನನ್ನ ತಕರಾರು ಇರುವುದು ಏಣಿಯ ಮೇಲಲ್ಲ, ಅದು ಯಾವ ನೀರಿನಲ್ಲಿ ನಿಂತಿದೆ ಎಂದು ಯಾರೂ ಕೇಳದಿರುವುದರ ಮೇಲೆ. ಚೆರ್ರಿಯಿಂದ ಕ್ರಿಸ್ಟಲ್‌ಗೆ, ಅಲ್ಲಿಂದ ತೈವಾನ್ ಬೀ ವಂಶದ ಪಾಂಡಾ, ಕಿಂಗ್ ಕಾಂಗ್, ಬ್ಲೂ ಬೋಲ್ಟ್‌ಗಳಿಗೆ ಏರಿದಷ್ಟೂ ನೀರು ಮೆದುವಾಗಬೇಕು, ತಣ್ಣಗಾಗಬೇಕು. ಕ್ರಿಸ್ಟಲ್‌ಗೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, ನೂರರಿಂದ ನೂರೈವತ್ತರ ಆಸುಪಾಸು, ತುಸು ಹುಳಿಯ ಕಡೆಗಿನ ನೀರು, ಇಪ್ಪತ್ತೆರಡು-ಇಪ್ಪತ್ತಮೂರು ಡಿಗ್ರಿ ತಂಪು. ಈ ಪಟ್ಟಿ ಹಿಡಿದುಕೊಂಡು ರಾಯದುರ್ಗಕ್ಕೋ ಮಡಕಶಿರಕ್ಕೋ ಬನ್ನಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಹೋದದ್ದು ರಾಯದುರ್ಗ. 2022ರಲ್ಲಿ ಅನಂತಪುರದಿಂದ ಕಳಚಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು ಮಡಕಶಿರ. ಜಿಲ್ಲೆ ಬದಲಾದರೂ ಬೋರಿನ ನೀರು ಬದಲಾಗಲಿಲ್ಲ. ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಐನೂರು ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಫ್ಲೋರೈಡ್ ಕಾಟಕ್ಕೆ 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯೇ ಬರಬೇಕಾದ ನೆಲ ಇದು. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಬೇಸಿಗೆಯಲ್ಲಿ ರಾಯದುರ್ಗದ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ.

ಇಂಥ ಊರಲ್ಲಿ ಮೂರು ಎಸ್ ಸಾಕಬೇಕಾದರೆ ದಾರಿ ಒಂದೇ. ಆರ್‌ಓ ನೀರು ಹಿಡಿದು, ಅದಕ್ಕೆ ಅಳೆದು ಖನಿಜದ ಪುಡಿ ಬೆರೆಸಿ, ಜಪಾನಿನಿಂದಲೋ ತೈವಾನಿನಿಂದಲೋ ಬಂದ ಹುಳಿಮಣ್ಣು ಹಾಸಿ, ಚಿಲ್ಲರ್ ಓಡಿಸುವುದು. ಮನೆಯ ಆರ್‌ಓ ಯಂತ್ರ ಒಂದು ಲೀಟರ್ ಕೊಡುವಷ್ಟರಲ್ಲಿ ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಕ್ಯಾನ್ ಹಿಡಿದು ಫಿಲ್ಟರ್ ನೀರಿಗೆ ಸಾಲು ನಿಲ್ಲುವ ಬೀದಿಯಲ್ಲಿ ಇದು ಕಲೆಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಕಲೆಯಾಗಿಯೇ ನೋಡಿದರೂ ನನಗೆ ಅದು ಸೊರಗಿದ್ದಾಗಿ ಕಾಣುತ್ತದೆ. ಎಲ್ಲವನ್ನೂ ಹೊರಗಿನಿಂದ ತಂದು ಕೂರಿಸಿದ ತೊಟ್ಟಿಯಲ್ಲಿ ಸಾಕಿದವನದು ಎನ್ನುವಂಥದ್ದು ವಿದ್ಯುತ್ ಬಿಲ್ ಒಂದೇ.

ಚೆರ್ರಿಯ ವಿಷಯ ಬೇರೆ. ಅದು ಗಡಸು ನೀರನ್ನು ತಾಳುತ್ತದೆ, ಆದರೆ ಸುಮ್ಮನೆ ತಾಳುವುದಿಲ್ಲ. ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಬಂದ ಸಿಗಡಿಯನ್ನು ನೇರ ಬೋರಿನ ನೀರಿಗೆ ಸುರಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಸತ್ತಿರುತ್ತವೆ. ಸಣ್ಣ ಪೈಪಿಗೆ ಗಂಟು ಹಾಕಿ ತೊಟ್ಟುತೊಟ್ಟಾಗಿ ಹೊಸ ನೀರು ಇಳಿಸಬೇಕು, ಗಂಟೆಗಟ್ಟಲೆ. ಬದುಕಿಕೊಂಡವೂ ಮೊದಮೊದಲು ಪೊರೆ ಬಿಡುವಾಗ ಒದ್ದಾಡುತ್ತವೆ. ತಲೆಚಿಪ್ಪು ಬೆನ್ನಿಗೆ ಕೂಡುವಲ್ಲಿ ಕತ್ತಿನ ಸುತ್ತ ಬಿಳಿ ಉಂಗುರ ಕಾಣಿಸಿಕೊಂಡರೆ ಆ ಸಿಗಡಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಹಳೆಯ ಪೊರೆ ಬೆನ್ನ ಮೇಲೆ ಸೀಳಬೇಕಾದದ್ದು ಸುತ್ತಲೂ ಬಿರುಕು ಬಿಟ್ಟು, ಒಳಗಿನ ಜೀವ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ನೀರಿನ ಏರುಪೇರು ಇದಕ್ಕೆ ದೊಡ್ಡ ಕಾರಣ. ಬೇಸಿಗೆಯಲ್ಲಿ ತೊಟ್ಟಿಯ ಮೇಲೆ ಫ್ಯಾನ್ ಇಟ್ಟರೆ ನೀರು ಎರಡು-ಮೂರು ಡಿಗ್ರಿ ತಣಿಯುತ್ತದೆ ನಿಜ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಕಡಿಮೆಯಾದದ್ದಕ್ಕೆ ಮತ್ತೆ ಬೋರಿನ ನೀರನ್ನೇ ತುಂಬಿದರೆ ವಾರವಾರಕ್ಕೂ ಗಡಸು ಏರುತ್ತದೆ, ಗಾಜಿನ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತದೆ. ಚಾವಣಿಯಿಂದ ಹಿಡಿದಿಟ್ಟ ಮಳೆನೀರನ್ನು ಬೆರೆಸುವವನ ತೊಟ್ಟಿಯಲ್ಲಿ ಆ ಪಟ್ಟಿ ತೆಳುವಾಗಿರುತ್ತದೆ. ಸಾಕುವವನ ಕೈಗುಣ ನಾನು ಹುಡುಕುವುದು ಇಲ್ಲಿ.

ಹೊಂದಿಕೊಂಡ ಮೇಲೆ ನೋಡಬೇಕು. ಹೆಣ್ಣಿನ ಕತ್ತಿನ ಹಿಂದೆ ಜೀನಿನ ಹಾಗೆ ಹಳದಿ ಮೊಟ್ಟೆಗಟ್ಟು ಮೂಡುತ್ತದೆ. ಪೊರೆ ಬಿಟ್ಟ ದಿನ ಗಂಡುಗಳೆಲ್ಲ ಹುಚ್ಚೆದ್ದು ಈಜುತ್ತವೆ. ಆಮೇಲೆ ಮೊಟ್ಟೆಗಳು ಹೊಟ್ಟೆಯಡಿಗೆ ಇಳಿಯುತ್ತವೆ, ಇಪ್ಪತ್ತೋ ಮೂವತ್ತೋ. ಮೂರು-ನಾಲ್ಕು ವಾರ ಅವಳು ಹೊಟ್ಟೆಯ ಕಾಲುಗಳಿಂದ ಅವಕ್ಕೆ ಬೀಸುತ್ತಲೇ ಇರುತ್ತಾಳೆ, ಮೇಯುವಾಗಲೂ ನಿಲ್ಲಿಸುವುದಿಲ್ಲ. ಒಡೆದು ಬರುವುದು ಮರಿಹುಳುವಲ್ಲ, ಮೀಸೆಯ ಸಮೇತ ಅವಳದೇ ಅಚ್ಚು. ಅವುಗಳ ಮೇವಿಗೆ ಅಂಗಡಿಗೆ ಹೋಗಲೇಬೇಕೆಂದಿಲ್ಲ. ಕಾಡುಬಾದಾಮಿ ಮರದಿಂದ ಉದುರಿದ ಒಣಗಿದ ಕೆಂಪೆಲೆಯನ್ನು ತೊಳೆದು ಬಿಟ್ಟರೆ ವಾರದೊಳಗೆ ನರಗಳಷ್ಟೇ ಉಳಿಯುವಂತೆ ಕೆರೆದು ಮುಗಿಸುತ್ತವೆ. ಅದೇ ಎಲೆಯನ್ನು ಪೊಟ್ಟಣ ಕಟ್ಟಿ ಮಾರುವವರೂ ಇದ್ದಾರೆ ಎಂಬುದು ಈ ಹವ್ಯಾಸದ ಇನ್ನೊಂದು ತಮಾಷೆ.

ಪ್ರದರ್ಶನದ ವಿಷಯಕ್ಕೆ ಬಂದರೆ ಇದರಲ್ಲಿ ಮೋಸಕ್ಕೆ ಬೇಕಾದಷ್ಟು ಜಾಗವಿದೆ. ಸಿಗಡಿ ತನ್ನ ಬಣ್ಣವನ್ನು ನೆಲ ನೋಡಿ ಬಿಗಿಗೊಳಿಸುತ್ತದೆ. ಕಪ್ಪು ಮಣ್ಣಿನ ಮೇಲೆ ರಕ್ತದಂತಿದ್ದದ್ದು ಬಿಳಿ ಮರಳಿನ ಮೇಲೆ ಎರಡು ದಿನದಲ್ಲಿ ಪೇಲವ. ಫೋನಿನ ಫೋಟೊ ನೋಡಿ ಕೊಳ್ಳುವವರು ಕೊಳ್ಳುವುದು ಅರ್ಧ ಬೆಳಕನ್ನು. ಸಿದ್ಧಗಂಗೆಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗೆ ಎಷ್ಟೇ ಸಿಂಗಾರ ಮಾಡಿರಲಿ, ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮೈಬಣ್ಣ ಅಲ್ಲಿ ಹಲವು ಗುಣಗಳಲ್ಲಿ ಒಂದು. ಸಿಗಡಿಯ ದರ್ಜೆಯಲ್ಲಿ ಹಲ್ಲು ನೋಡುವಂಥ ಒಂದು ಅಂಕಣವೂ ಇಲ್ಲ.

ಇನ್ನೊಂದು ಸಂಗತಿಯನ್ನು ಬಣ್ಣದ ಹುಚ್ಚಿನವರು ಬೇಗ ಕಲಿಯುತ್ತಾರೆ. ಕೆಂಪು, ನೀಲಿ, ಹಳದಿ ಚೆರ್ರಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಾಮನಬಿಲ್ಲು ಹುಟ್ಟುವುದಿಲ್ಲ. ಕೆಲವೇ ತಲೆಮಾರಿನಲ್ಲಿ ಹಳೆಯ ಕಂದು ವಾಪಸ್ಸು ಬರುತ್ತದೆ. ಬಣ್ಣ ಉಳಿಯಬೇಕಾದರೆ ಪೇಲವವಾದದ್ದನ್ನು ಸದಾ ಹೆಕ್ಕಿ ತೆಗೆಯುತ್ತಿರಬೇಕು. ಹೆಕ್ಕಿದ್ದು ಎಲ್ಲಿಗೆ ಹೋಗುತ್ತದೆ? ಒಳ್ಳೆಯವರ ಮನೆಯಲ್ಲಿ ಬೇರೊಂದು ತೊಟ್ಟಿಗೆ, ಇಲ್ಲವೇ ಮೀನಿನ ಬಾಯಿಗೆ. ಉಳಿದವರು ಕೆರೆಗೆ ಎಸೆಯುತ್ತಾರೆ. ಜರ್ಮನಿಯ ಗಿಲ್‌ಬಾಖ್ ಎಂಬ ಹೊಳೆಗೆ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವಲ್ಲಿ ಇದೇ ಚೆರ್ರಿ ಸಿಗಡಿ ನೆಲೆ ಕಂಡಿದೆ. ನಮ್ಮ ಕಡೆಯ ಕೆರೆಗಳಲ್ಲಿ, ಕೃಷ್ಣೆಯಲ್ಲಿ ಬಲೆ ಹರಿಯುವ ಸಕರ್ ಮೀನು ಕೂಡ ಗಾಜಿನ ತೊಟ್ಟಿಯಿಂದ ಹೋದದ್ದೇ. ನಾನು ಹೊಗಳುತ್ತಿರುವ ಚೆರ್ರಿಯ ಗಟ್ಟಿತನವೇ ಇಲ್ಲಿ ಅಪಾಯ. ಆರ್‌ಓ ನೀರಿನ ಪಾಂಡಾ ಸಿಗಡಿ ಇಲ್ಲಿಗೆ ಸಮೀಪದ ಭೈರವಾನಿತಿಪ್ಪ ಜಲಾಶಯದಲ್ಲಿ ಬಾಳುವುದಿಲ್ಲ. ರಾಯದುರ್ಗದ ಬೋರಿನಲ್ಲೇ ಹುಟ್ಟಿ ಬೆಳೆದ ಚೆರ್ರಿ ಬಾಳೀತು. ಅದಕ್ಕೆ ಸಾಕುವುದನ್ನೇ ಬಿಡಿ ಎನ್ನಲಾರೆ, ಆದರೆ ಈ ಪ್ರಶ್ನೆ ಇಲ್ಲದ ಮೆಚ್ಚುಗೆ ನನಗೆ ಬೇಡ.

ಸಾಕಲು ಹೊರಗಿನದೇ ಆಗಬೇಕೆಂದೂ ಇಲ್ಲ. ಭಾರತದ್ದೇ ಆದ ಕ್ಯಾರಿಡಿನಾ ಬಬಾಲ್ಟಿ ಎಂಬ ಸಿಗಡಿಯೊಂದಿದೆ. ಪ್ರಾಣಿಶಾಸ್ತ್ರಜ್ಞ ಬುವಿಯೆ ಅದನ್ನು 1918ರಲ್ಲಿ ವಿವರಿಸಿದರು. ಹಸಿರು, ಕಂದು, ಕೆಲವೊಮ್ಮೆ ಕೆಂಪು ಛಾಯೆ. ಗಳಿಗೆಗೊಂದು ಬಣ್ಣ ತಾಳುವುದರಿಂದ ದರ್ಜೆ ಕೊಡಲು ಬರುವುದಿಲ್ಲ. ಯುರೋಪಿನ ತೊಟ್ಟಿಗಳಲ್ಲಿ ಅದಕ್ಕೆ ಅಭಿಮಾನಿಗಳಿದ್ದಾರೆ. ಇಲ್ಲಿ ಬಣ್ಣದ ಸಿಗಡಿ ಎಂದರೆ ಇನ್ನೂ ಜಪಾನೀ ಹೆಸರಿನದ್ದೇ ಆಗಬೇಕು.

ರಾಯದುರ್ಗದಲ್ಲೋ ಮಡಕಶಿರದಲ್ಲೋ ಯಾರಾದರೂ ಸಿಗಡಿ ಪ್ರದರ್ಶನ ಇಟ್ಟರೆ ತೊಟ್ಟಿಯ ಪಕ್ಕದ ಚೀಟಿಯಲ್ಲಿ ದರ್ಜೆಗಿಂತ ಮೊದಲು ನಾಲ್ಕು ಸಾಲು ಬರೆಯಲಿ: ನೀರು ಎಲ್ಲಿಯದು, ಟಿಡಿಎಸ್ ಎಷ್ಟು, ಆ ನೀರಿನಲ್ಲಿ ಇದು ಎಷ್ಟನೇ ತಲೆಮಾರು, ಹೆಕ್ಕಿ ತೆಗೆದವು ಎಲ್ಲಿವೆ. ನಾಲ್ಕನ್ನೂ ತುಂಬಿದ ಸಾಧಾರಣ ಸಕುರಾಗೆ ನಾನು ಮೊದಲ ಬಹುಮಾನ ಕೊಡುತ್ತೇನೆ, ಪಕ್ಕದ ತೊಟ್ಟಿಯಲ್ಲಿ ಹಿನೊಮಾರು ಇದ್ದರೂ.